ನಮ್ಮತ್ತೆಯ ಬಲಗಿವಿಗೆ ಬಂದ ವೈದ್ಯರುಗಳು

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಧನುರ್ಮಾಸ. ಪೂಜೆ ಮುಗಿದು ಹುಗ್ಗಿಯ ನೈವೇದ್ಯವೂ ಆಗಿತ್ತು. ಅವರೆ ಹಿತುಕುವುದಕ್ಕೆ ಕಣ್ಣು ಬೇಡ, ಬುದ್ಧಿಯೂ ಬೇಡ. ಬೆರಳು ಒತ್ತುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಳೆ ಪಾತ್ರೆಗೆ ಹಾರುತ್ತದೆ. ದೇವರ ಹೆಸರು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತು ನನ್ನಂಥವಳಿಗೆ ಸಿಗುವುದಿಲ್ಲ. ಅದನ್ನೂ ನೆಟ್ಟಗೆ ಮುಗಿಸಲು ಬಿಡದೆ ಮಿರ್ಲೆಯಿಂದ ನಾದಿನಿ ಫೋನು ಮಾಡಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸ್ಪೀಕರಿಗೆ ಹಾಕಿದೆ.

"ಅತ್ಗೆ, ಅವ್ವ ಪಕ್ದಲ್ಲೇ ಅವ್ರಾ?"

"ಇಲ್ಲ ಕಣವ್ವ, ಬ್ಯಾರನ್ ತಾವ ಒಗೆಸೊಪ್ಪು ಗ್ರೇಡಿಂಗ್ ಮಾಡ್ತಾವ್ರೆ."

"ಸರಿ ಬುಡಿ. ಇದ್ರೂ ಎಲ್ ಕೇಳ್ತದೆ." ಒಂದು ನಗೆ ನಕ್ಕಳು. "ಏನಿಲ್ಲ, ಮಗಳ ಅರಿಸಿನ ಶಾಸ್ತ್ರಕ್ಕೆ ಪೆನ್‌ಡ್ರೈವ್ ಹಾಕ್ಸಾಣ ಅಂತ ನಮ್ಮನೆಯವ್ರು ಅಂತಾವ್ರೆ. ಸೋಬಾನೆ ಎಲ್ಲಾ ಅದ್ರಲ್ಲೇ ಬತ್ತದಂತೆ. ಅವ್ವ ಮುಂದ್ಗಡೆ ಕುರ್ಚೀಲಿ ಕುಂತ್ಕಳ್ಳಲಿ, ಹಾಡೋದೇನೂ ಬ್ಯಾಡ. ನೀವೇ ಎಂಗಾರ ಏಳ್ಬುಡಿ."

ಒಳ್ಳೆಯ ಸುದ್ದಿ ಹೇಳುವುದಕ್ಕೆ ಅವ್ವನೇ ಬೇಕು, ಕೆಟ್ಟದ್ದು ಹೇಳಲು ಅತ್ತಿಗೆ. ಇಷ್ಟು ಹೇಳಿ ಅವಳು ಛತ್ರದ ಅಡುಗೆಯವರ ವಿಷಯಕ್ಕೆ ಹೋದಳು. ನಾನು ಹೂಂ ಅನ್ನುತ್ತಾ ಕಾಳು ಹಿತುಕಿದೆ. ಬೇಳೆಗಳು ಪಾತ್ರೆಯಾಚೆಗೆ ಹಾರುತ್ತಿದ್ದವು.

ನಮ್ಮ ಕಡೆಯ ಮದುವೆಗಳನ್ನು ನೋಡದವರಿಗಾಗಿ ಹೇಳುತ್ತೇನೆ. ಸೋಬಾನೆ ಎಂದರೆ ಒಬ್ಬಳು ಕೂತು ಹಾಡಿಬಿಡುವ ಹಾಡಲ್ಲ. ಮುಂದಾಳು ಒಂದು ಸೊಲ್ಲು ಎತ್ತುತ್ತಾಳೆ, ಉಳಿದ ಹೆಂಗಸರು ಅದನ್ನೇ ಹಿಂದಿನಿಂದ ಹೇಳುತ್ತಾರೆ. ಅವರ ದನಿ ಇಳಿಯುವ ಜಾಗದಲ್ಲಿ ಮುಂದಾಳು ಮುಂದಿನ ಸೊಲ್ಲು ಹಿಡಿಯಬೇಕು. ಅರಿಸಿನ ಹಚ್ಚುವ ಮುತ್ತೈದೆಯರು ಇನ್ನೂ ಸಾಲಿನಲ್ಲಿದ್ದರೆ ಹಾಡನ್ನು ಎಳೆಯಬೇಕು, ಮುಗಿಯುತ್ತಾ ಬಂದರೆ ಮಡಿಸಬೇಕು. ನಮ್ಮತ್ತೆ ಕಂಪಲಾಪುರದ ಸುತ್ತ ಎಷ್ಟು ಹೆಣ್ಣುಮಕ್ಕಳನ್ನು ಹಸೆಮಣೆಗೆ ಹಾಡಿ ಕೂರಿಸಿದ್ದಾರೋ ಲೆಕ್ಕ ಇಟ್ಟವರಿಲ್ಲ. ಈಗ ಸ್ವಂತ ಮಗಳ ಮಗಳ ಮದುವೆ, ಸಂಕ್ರಾಂತಿ ಕಳೆದ ಮೇಲೆ. ಅದಕ್ಕೆ ಪೆನ್‌ಡ್ರೈವು.

ನಾದಿನಿಗೆ ಈ ಯೋಚನೆ ಬಂದದ್ದು ನಿಶ್ಚಿತಾರ್ಥದ ದಿನ. ಅತ್ತೆ ಒಂದು ಸೊಲ್ಲು ಎತ್ತಿದರು, ಹೆಂಗಸರು ಹಿಂದೆ ಹೇಳುತ್ತಿದ್ದರು, ಅವರು ಮುಗಿಸುವ ಮೊದಲೇ ಅತ್ತೆ ಮುಂದಿನದನ್ನು ಶುರುಮಾಡಿದರು. ಎರಡು ಹಾಡು ಒಂದರ ಮೇಲೊಂದು ಬಿದ್ದವು. ಒಂದಿಬ್ಬರು ಸೆರಗು ಬಾಯಿಗಿಟ್ಟುಕೊಂಡರು. ಗಂಡಿನ ಕಡೆಯ ಒಬ್ಬಾಕೆ, "ಅಜ್ಜಿಗೆ ವಯಸ್ಸಾಯ್ತು ಪಾಪ" ಎಂದಳು. ಪಾಪ ಅನ್ನುವ ಮಾತನ್ನು ನಮ್ಮ ಜನ ಎಷ್ಟು ರುಚಿಯಾಗಿ ಹೇಳುತ್ತಾರೆಂದರೆ ಕೇಳಿದವರಿಗೆ ಹಲ್ಲು ಜುಮ್ಮೆನ್ನಬೇಕು. ಅತ್ತೆಗೆ ಆ ಮಾತು ಕೇಳಿಸಲಿಲ್ಲ. ನಗು ಮಾತ್ರ ಕಣ್ಣಿಗೆ ಬಿತ್ತು. ಬರುವ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಅವರ ಎಡಗಿವಿ ಮೊದಲಿಂದಲೂ ಅಷ್ಟಕ್ಕಷ್ಟೇ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಆ ಕಿವಿ ನೋಯುತ್ತಿದೆ ಎಂದಾಗ ಮನೆಯ ಹಿರಿಯರೊಬ್ಬರು ಎಣ್ಣೆಯಲ್ಲಿ ಏನೇನೋ ಕುದಿಸಿ ಬಿಸಿಬಿಸಿಯಾಗಿ ಹೊಯ್ದರಂತೆ. ನೋವು ಹೋಯಿತು, ಕಿವಿಯೂ ಅದರ ಜೊತೆ ಹೋಯಿತು. ಹಾಗಾಗಿ ಇವರ ಹಾಡೆಲ್ಲ ನಿಂತಿದ್ದದ್ದು ಬಲಗಿವಿಯ ಮೇಲೆ. ಆ ಒಂದನ್ನು ಕಾಪಾಡಿಕೊಳ್ಳಲು ಅತ್ತೆ ಒಂದು ಉಪಾಯ ಮಾಡಿಕೊಂಡಿದ್ದರು. ನಮ್ಮಲ್ಲಿ ಹೊಗೆಸೊಪ್ಪು ಬೇಯಿಸುವ ಮನೆಗೆ ಬ್ಯಾರನ್ ಅನ್ನುತ್ತೇವೆ; ಬೆಂದ ಸೊಪ್ಪನ್ನು ಅಲ್ಲಿಂದ ಇಳಿಸಿದ ಮೇಲೆ ಹೆಂಗಸರು ಕೂತು ಎಲೆಯ ಬಣ್ಣ ನೋಡಿ ಬೇರೆ ಬೇರೆ ಮಾಡುತ್ತೇವೆ. ಆಗ ಏಳುವ ಕಂದು ದೂಳು ಮೂಗು, ಗಂಟಲು, ತಲೆಗೂದಲು ಏನನ್ನೂ ಬಿಡುವುದಿಲ್ಲ. ಆ ದೂಳು ಕಿವಿಗೆ ಹೋಗಬಾರದೆಂದು ಅತ್ತೆ ಹತ್ತಿಯನ್ನು ಹರಳೆಣ್ಣೆಯಲ್ಲಿ ಅದ್ದಿ ಕಿವಿಗೆ ತುರುಕಿಕೊಳ್ಳುತ್ತಿದ್ದರು. ಸಂಜೆ ಅದನ್ನು ಕಿತ್ತು, ತಲೆಯ ಪಿನ್ನು ತೆಗೆದು, ಅದರ ಬೆನ್ನಿನಿಂದ ಒಳಗೆಲ್ಲ ಕೆರೆಯುತ್ತಿದ್ದರು. ಬೆಳಿಗ್ಗೆ ಮತ್ತೆ ಹೊಸ ಹತ್ತಿ. ಒಂದು ಹಂಗಾಮಲ್ಲ, ಎಷ್ಟೋ ಹಂಗಾಮು.

ನಾನು ಮೊದಲು ನಮ್ಮ ಯಜಮಾನರಿಗೆ ಹೇಳಿದೆ, ನಿಮ್ಮ ತಾಯಿಗೆ ಕಿವಿ ಕೇಳುತ್ತಿಲ್ಲ, ಡಾಕ್ಟರಿಗೆ ತೋರಿಸಿ ಎಂದು.

"ವಯಸ್ಸಾಯ್ತಲ್ಲ ಕಣೇ. ಇನ್ನೇನು ಹುಡುಗಿ ಕಿವಿ ಇರ್ತದಾ?"

"ವಯಸ್ಸು ಒಂದ್ ತಿಂಗ್ಳಲ್ಲಿ ಬಂತೇನ್ರೀ? ದೀಪಾವಳೀಲಿ ಬೀದಿ ತುದೀಲಿ ಹಾಲಿನವ್ನ ಗಾಡಿ ಬಂದ್ರೆ ಕೇಳ್ತಿತ್ತು."

"ನಿಂಗೆ ಎಲ್ಲಾದ್ರಲ್ಲೂ ವಾದ" ಎಂದು ಟವೆಲು ಕೊಡವಿ ಹೊರಟರು. ಗಂಡಸರಿಗೆ ವಯಸ್ಸು ಅನ್ನುವುದು ಬಹಳ ಅನುಕೂಲದ ಕಾಯಿಲೆ. ಅದಕ್ಕೆ ಔಷಧಿ ತರಬೇಕಾಗಿಲ್ಲ, ಬಸ್ಸು ಹತ್ತಿಸಬೇಕಾಗಿಲ್ಲ.

ಅತ್ತೆಗೆ ಪೆನ್‌ಡ್ರೈವಿನ ವಿಷಯವನ್ನು ನಾನೇ ಹೇಳಬೇಕಾಯಿತು. ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದೆ. ಮರ್ಯಾದೆಯ ವಿಷಯವನ್ನು ಕೂಗಿ ಹೇಳುವುದಕ್ಕಿಂತ ಹಿಂಸೆ ಬೇರೊಂದಿಲ್ಲ. ಎದುರು ಮನೆಯಾಕೆ ರಂಗೋಲಿ ಬಿಡುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು. ಅತ್ತೆ, "ಅದು ಅರಿಸಿನ ಅಚ್ಚೋರ ಕೈ ನೋಡ್ಕಂಡು ಆಡ್ತದಾ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. "ಮತ್ತೆ ಅದ್ಯಾವ ಸೀಮೆ ಸೋಬಾನೆ" ಎಂದು ಎದ್ದು ದನದ ಕೊಟ್ಟಿಗೆಗೆ ಹೋದರು. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ನನ್ನ ಕೂಗು ಬೀದಿಗೆಲ್ಲ ಕೇಳಿಸಿತಲ್ಲ, ವೈದ್ಯರುಗಳು ಬರಲು ಶುರುವಾದರು.

ಮೊದಲು ಎದುರು ಮನೆಯಾಕೆ. ಅವಳಿಗೆ ಪ್ರಪಂಚದ ಜ್ಞಾನವೆಲ್ಲ ಮೊಬೈಲಿನಲ್ಲಿ ಬರುತ್ತದೆ. ಬಟ್ಟೆಗೆ ಮೇಣ ಸವರಿ ಕೊಳವೆಯ ಹಾಗೆ ಸುತ್ತಿದ ಒಂದು ಬತ್ತಿಯನ್ನು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದಳು. ಒಂದು ತುದಿ ಕಿವಿಯೊಳಗೆ, ಇನ್ನೊಂದು ತುದಿಗೆ ಬೆಂಕಿ.

"ಬಿಸೀಗೆ ಗುಗ್ಗೆ ಎಲ್ಲಾ ಮೇಲಕ್ಕೆ ಎಳ್ಕತದೆ ಅಕ್ಕ. ಆಮೇಲೆ ಬತ್ತಿ ಬುಡ ಬಿಚ್ಚಿದ್ರೆ ಅಳ್ದಿ ಅಳ್ದಿಗೆ ಕಾಣ್ತದೆ. ವೀಡಿಯೋದಲ್ಲೇ ತೋರ್ಸವ್ರೆ."

"ಮೊದ್ಲು ಇದ್ರಲ್ಲಿ ಅಚ್ಚು" ಎಂದು ಒಂದು ಖಾಲಿ ಸ್ಟೀಲ್ ಲೋಟ ತಂದಿಟ್ಟೆ. ಬತ್ತಿಯನ್ನು ಲೋಟದಲ್ಲಿ ನಿಲ್ಲಿಸಿ ಹಚ್ಚಿದೆವು. ಹೊಗೆ ಬಂತು, ಉರಿದ ಬಟ್ಟೆಯ ಚೂರು ಲೋಟದ ಸುತ್ತ ಉದುರಿತು. ಕೊನೆಗೆ ಬುಡ ಬಿಚ್ಚಿದರೆ ಒಳಗೆ ಹಳದಿ ಪುಡಿ.

"ಲೋಟಕ್ಕೂ ಗುಗ್ಗೆ ಕಟ್ಟಿತ್ತು ನೋಡು" ಎಂದೆ. ಅವಳು ವೀಡಿಯೋವನ್ನು ಇನ್ನೊಮ್ಮೆ ಹಾಕಿ ನೋಡಿದಳೇ ಹೊರತು ಲೋಟವನ್ನು ನೋಡಲಿಲ್ಲ. ಲೋಟದ ಮೇಣ ತಿಕ್ಕಿ ತೆಗೆಯಲು ನನಗೆ ಅರ್ಧ ದಿನ ಹಿಡಿಯಿತು. ಅದು ಅತ್ತೆಯ ಕೂದಲಿಗೆ, ಕೆನ್ನೆಗೆ ಬೀಳಲಿಲ್ಲವಲ್ಲ ಎಂದು ನಮ್ಮ ಸೀಮೆಯ ದೇವಿ ಮಸಣಿಕಮ್ಮನಿಗೆ ಕೈ ಮುಗಿದೆ.

ಆಮೇಲೆ ಹಾರನಹಳ್ಳಿಯ ಚಿಕ್ಕಮಾವ, ನಮ್ಮ ಮಾವನವರ ತಮ್ಮ. ಬರುವಾಗಲೇ ಕಂಕುಳಲ್ಲಿ ಪರಂಗಿ ಎಲೆಯ ದಂಟು ಹಿಡಿದುಕೊಂಡು ಬಂದಿದ್ದರು. ಅದರ ಒಳಗೆ ಪೊಳ್ಳು. ಒಣ ಹೊಗೆಸೊಪ್ಪಿನ ಸುರುಳಿಗೆ ಬೆಂಕಿ ಮುಟ್ಟಿಸಿ ಈ ದಂಟಿನ ಮೂಲಕ ಕಿವಿಯೊಳಕ್ಕೆ ಹೊಗೆ ಊದುವುದು ಅವರ ಮದ್ದು.

"ನಮ್ಮಪ್ಪನ ಕಾಲ್ದಿಂದ ಮಾಡ್ತಿರೋದು ಕಣವ್ವ. ಒಗೆ ಒಳಕ್ಕೋಯ್ತು ಅಂದ್ರೆ ಉಳ ಇದ್ರೂ ಈಚೆ ಬತ್ತದೆ, ಗುಗ್ಗೆ ಇದ್ರೂ ಈಚೆ ಬತ್ತದೆ."

"ಮಾವ, ನಿಮ್ಗೂ ಕಿವಿ ಅಷ್ಟಾಗಿ ಕೇಳಲ್ವಲ್ಲ?"

"ಆಂ?"

"ಏನಿಲ್ಲ, ಕಾಫಿ ಕುಡೀತೀರಾ ಅಂದೆ."

ಅದು ಮಾತ್ರ ಕೇಳಿಸಿತು. ಅವರು ಜಗುಲಿಯ ಮೇಲೆ ಸೊಪ್ಪು ಸುರುಳಿ ಸುತ್ತುತ್ತಿದ್ದಾಗ, "ದೇವ್ರ ದೀಪ ಅಚ್ಬೇಕು, ಬೆಂಕಿಪಟ್ಣ ಕೊಡಿ ಮಾವ" ಎಂದು ಇಸಿದುಕೊಂಡು ಒಳಗೆ ಹೋದೆ. ದೀಪ ಹಚ್ಚಿದೆ. ಪೊಟ್ಟಣವನ್ನು ದೇವರ ಗೂಡಿನ ಹಿಂದೆ ಇಟ್ಟೆ. ಅವರು ಒಂದೆರಡು ಸಲ ಕೇಳಿದರು. ಹುಡುಕುತ್ತಿದ್ದೇನೆ ಅಂದೆ. ಉಪ್ಪಿಟ್ಟು ಕೊಟ್ಟ ಮೇಲೆ ಪರಂಗಿ ದಂಟು ಮರೆತು ತಿಂದು ಹೋದರು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆ ಎನ್ನುವವರಿಗೆ ಹೇಳುತ್ತೇನೆ, ದೀಪವನ್ನು ನಿಜವಾಗಿಯೂ ಹಚ್ಚಿದ್ದೆ.

ಮಾರನೆಯ ದಿನ ಮಿರ್ಲೆಯಿಂದ ಒಂದು ಬಾಟಲಿ ಬಂತು. ಈ ಕಡೆ ಬರುತ್ತಿದ್ದ ನೆಂಟರ ಕೈಯಲ್ಲಿ ನಾದಿನಿ ಕಳಿಸಿದ್ದಳು. ಸಾಸಿವೆ ಎಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ, ಇನ್ನೇನೋ ಕಪ್ಪಗೆ ಕುದಿಸಿದ್ದು. ಬಿಸಿ ಮಾಡಿ ಎರಡೂ ಕಿವಿಗೆ ತುಂಬಿಸಬೇಕಂತೆ. ಹಾಡಬೇಡ ಎಂದವಳೇ ಕಿವಿಗೆ ಎಣ್ಣೆ ಕಳಿಸಿದ್ದನ್ನು ನೋಡಿ ಅತ್ತೆಯ ಮುಖ ಅರಳಿತು. "ನನ್ ಮಗಳು ಕಳ್ಸವ್ಳೆ" ಎಂದು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡರು. ಇಷ್ಟು ದಿನದಲ್ಲಿ ನನಗೆ ಹೆದರಿಕೆಯಾದದ್ದು ಆಗಲೇ. ಎದುರು ಮನೆಯಾಕೆಯನ್ನು ನಗಿಸಿ ಕಳಿಸಬಹುದು, ಚಿಕ್ಕಮಾವನಿಗೆ ಉಪ್ಪಿಟ್ಟು ಕೊಡಬಹುದು. ಮಗಳು ಕಳಿಸಿದ ಬಾಟಲಿಯನ್ನು ತಾಯಿಯ ಮಡಿಲಿನಿಂದ ಸೊಸೆ ಕಿತ್ತುಕೊಂಡರೆ ನಾಲ್ಕು ಊರಿಗೆ ಹೆಸರಾಗುತ್ತದೆ.

ಅದಕ್ಕೆ ಕಿತ್ತುಕೊಳ್ಳಲಿಲ್ಲ. "ಡಾಕ್ಟ್ರಿಗೆ ತೋರ್ಸಿ ಆಮೇಲೆ ಆಕ್ಕಳಣ, ನಡೀರಿ ಅತ್ತೆ" ಎಂದು ಬಾಟಲಿಯ ಸಮೇತ ಅವರನ್ನು ಹುಣಸೂರಿನ ಬಸ್ಸು ಹತ್ತಿಸಿದೆ. ಯಜಮಾನರಿಗೆ ಅಡುಗೆ ಮುಚ್ಚಿಟ್ಟಿದ್ದೇನೆ ಎಂದಷ್ಟೇ ಹೇಳಿದೆ.

ಕಿವಿ ಮೂಗು ಗಂಟಲು ನೋಡುವ ಡಾಕ್ಟರಮ್ಮ ಎಡಗಿವಿಗೆ ದೀಪ ಹಿಡಿದು ನೋಡಿ, ಕಿವಿತಮಟೆಯಲ್ಲಿ ತೂತಿದೆ ಎಂದರು. ಈ ಕಿವಿಗೆ ಎಣ್ಣೆ, ನೀರು, ಡ್ರಾಪ್ಸು ಯಾವುದೂ ಹೋಗಬಾರದು, ಹೋದರೆ ಒಳಗೆ ಕೀವಾಗುತ್ತದೆ, ಸ್ನಾನ ಮಾಡುವಾಗಲೂ ಹುಷಾರು ಎಂದರು. ಬಲಗಿವಿಗೆ ದೀಪ ಹಿಡಿದವರು ನಕ್ಕರು. ಒಳಗೆ ಏನೂ ಕಾಣುವುದೇ ಇಲ್ಲವಂತೆ, ಹುಣಸೆಹಣ್ಣಿನ ಬಣ್ಣದ ಗುಗ್ಗೆ ಕಲ್ಲಿನ ಹಾಗೆ ಕೂತಿದೆಯಂತೆ.

"ಏನ್ ಹಾಕಿ ತೆಗೀತಿದ್ರಿ ಅಜ್ಜಿ?"

ಅತ್ತೆ ಹೆಮ್ಮೆಯಿಂದ ತಲೆಯ ಪಿನ್ನು ತೋರಿಸಿದರು.

ನಾನು ಬಾಟಲಿ ತೋರಿಸಿದೆ. ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿ, "ಇದನ್ನ ಸಾರಿಗೆ ಒಗ್ಗರಣೆ ಹಾಕ್ಕೊಳ್ಳಿ" ಎಂದರು. ಆಮೇಲೆ ನನಗೆ ಬಿಡಿಸಿ ಹೇಳಿದರು. ಗುಗ್ಗೆ ಕೊಳೆಯಲ್ಲ. ಹೊರಗಿನ ದೂಳು ಹಿಡಿದುಕೊಳ್ಳಲೆಂದೇ ಕಿವಿ ಅದನ್ನು ಮಾಡಿಕೊಳ್ಳುತ್ತದೆ, ತಾನಾಗಿಯೇ ಹೊರಗೆ ತಳ್ಳುತ್ತದೆ. ಕಡ್ಡಿ, ಪಿನ್ನು, ಅಂಗಡಿಯ ಬಡ್ಸು ಯಾವುದು ಹಾಕಿದರೂ ಬರುವುದು ಸ್ವಲ್ಪ, ಒಳಕ್ಕೆ ಹೋಗುವುದು ಬಹಳ. ದಾರಿಗೆ ಹತ್ತಿ ತುರುಕಿದರಂತೂ ಆಚೆ ಬರಲು ಅದಕ್ಕೆ ಜಾಗವೇ ಇಲ್ಲ. ಈಗಲೇ ಎಳೆದರೆ ಚರ್ಮ ಕಿತ್ತು ಬರುತ್ತದೆ. ಮೆತ್ತಗಾಗುವ ಡ್ರಾಪ್ಸ್ ಕೊಡುತ್ತೇನೆ, ಕೆಲವು ದಿನ ಬಲಗಿವಿಗೆ ಮಾತ್ರ ಹಾಕಿ. ಆಮೇಲೂ ಬರದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ, ಒತ್ತಿದರೆ ನೀರು ಚಿಮ್ಮುವ ರಬ್ಬರ್ ಬುರುಡೆಯಿಂದ ಮೆಲ್ಲಗೆ ತೊಳೆಯಿರಿ. ನೋವು, ತಲೆಸುತ್ತು, ರಕ್ತ ಏನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ ಇಲ್ಲಿಗೆ ಬನ್ನಿ. ಧೈರ್ಯ ಸಾಲದಿದ್ದರೂ ಇಲ್ಲಿಗೇ ಬನ್ನಿ.

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ದೂಳು ತಡೆಯಲು ಭಗವಂತ ಕಿವಿಯೊಳಗೇ ಒಂದು ಏರ್ಪಾಟು ಮಾಡಿಟ್ಟಿದ್ದಾನೆ. ನಾವು ಅದು ಸಾಲದೆಂದು ಹತ್ತಿ ಇಟ್ಟು, ಅವನು ಹೊರಗೆ ತಳ್ಳುವುದನ್ನು ಪಿನ್ನಿನಿಂದ ಒಳಗೆ ತಳ್ಳಿ, ಕೊನೆಗೆ ಕಿವಿ ಕೇಳಲಿಲ್ಲ ಎಂದು ಅವನಿಗೇ ಹರಕೆ ಹೊರುತ್ತೇವೆ. ಅವನ ತಾಳ್ಮೆ ದೊಡ್ಡದು.

ಡ್ರಾಪ್ಸ್ ಹಾಕುವ ಕೆಲಸ ದೊಡ್ಡದಲ್ಲ. ಬಾಟಲಿಯನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದೆ, ಕೈಯ ಬಿಸಿ ಅದಕ್ಕೆ ಸಾಕು. ಒಲೆಯ ಮೇಲೆ ಇಡಬೇಕಾಗಿಲ್ಲ. ಅತ್ತೆ ಎಡಮಗ್ಗುಲಾಗಿ ಮಲಗುತ್ತಿದ್ದರು, ಬಲಗಿವಿ ಮೇಲೆ. ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಸ್ವಲ್ಪ ಎಳೆದು ಹನಿ ಬಿಟ್ಟು, ಅದು ಇಳಿಯುವವರೆಗೆ ಹಾಗೇ ಮಲಗಿಸುತ್ತಿದ್ದೆ. ಎದ್ದಾಗ ಆಚೆ ಸೋರಿದ್ದನ್ನು ಬಟ್ಟೆಯಿಂದ ಒರೆಸುವುದು, ಅಷ್ಟೇ. "ಅತ್ತಿ ಇಡು ಕಣವ್ವ, ಸೋರೋಯ್ತದೆ" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಪ್ರತಿ ಸಲವೂ ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಬ್ಯಾರನ್ ಕಡೆಗೆ ಹೋಗಲು ಬಿಡಲಿಲ್ಲ. ಆ ಹಂಗಾಮಿನ ಉಳಿದ ಸೊಪ್ಪನ್ನು ನಾನೇ ಮೂಗಿಗೆ, ತಲೆಗೆ, ಕಿವಿಯ ಮೇಲೆ ಹೊರಗಿಂದ ಬಟ್ಟೆ ಕಟ್ಟಿಕೊಂಡು ಬೇರೆ ಮಾಡಿದೆ. ಯಾಕಪ್ಪಾ ಈ ಕಳ್ಳಿಯ ವೇಷ ಎಂದು ಯಜಮಾನರು ನಕ್ಕರು. ಅವರಿಗೆ ನಗಲು ಪುರುಸೊತ್ತಿರುತ್ತದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆಗೆ ಏನೂ ಕೇಳಿಸದಾಯಿತು. ಮೊದಲು ಕೂಗಿದರಾದರೂ ಕೇಳಿಸುತ್ತಿತ್ತು, ಈಗ ಅದೂ ಇಲ್ಲ. ಮೆತ್ತಗಾಗುವಾಗ ಗುಗ್ಗೆ ಊದಿಕೊಂಡು ಇದ್ದ ಸಂದೂ ಮುಚ್ಚಿಹೋಗಬಹುದು, ಹೆದರಬೇಡಿ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಡ್ರಾಪ್ಸಿನ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅತ್ತೆಗೆ ಹೇಳೋಣವೆಂದರೆ ಕೇಳಿಸುವುದಿಲ್ಲ, ಅವರಿಗೆ ಓದು ಬರುವುದಿಲ್ಲ.

ಸುದ್ದಿ ಹೇಗೆ ಹೋಯಿತೋ, ಚಿಕ್ಕಮಾವನ ಫೋನು ಬಂತು. "ಇದ್ದಿದ್ನೂ ಕಳುದ್ಲು ನಿನ್ನೆಂಡ್ತಿ. ಇಂಗ್ಲೀಸು ಔಸ್ತಿ ಬ್ಯಾಡ ಅಂದ್ರೆ ಕೇಳ್ನಿಲ್ಲ" ಎಂದು ಯಜಮಾನರಿಗೆ ಹೇಳಿದ್ದು ನನಗೇ ಕೇಳಿಸಿತು. ಯಜಮಾನರು ನನ್ನ ಮುಖ ನೋಡಿದರು. "ಇವತ್ತು ನಾಳೆ ನೋಡೋಣ ಚಿಕ್ಕಪ್ಪ" ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ಉದ್ದ ಇರಲಿಲ್ಲ, ಆದರೂ ದೇವರ ಮುಂದೆ ಅದನ್ನು ನೆನೆಸಿಕೊಂಡೆ.

ಅತ್ತೆ ಕಾಣಲಿಲ್ಲ. ಹಿತ್ತಲಲ್ಲಿ ಹುಡುಕಿದರೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತಿದ್ದಾರೆ. ತಲೆಗೂದಲು ಬಿಚ್ಚಿದೆ, ಪಿನ್ನು ಕೈಯಲ್ಲಿದೆ, ಕೈ ಕಿವಿಯ ಹತ್ತಿರವಿದೆ. ಅಳುತ್ತಿದ್ದರು. ನಾನು ಕಿರುಚಲಿಲ್ಲ, ಕಿರುಚಿ ಪ್ರಯೋಜನವೂ ಇರಲಿಲ್ಲ. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಮಣಿಕಟ್ಟು ಹಿಡಿದೆ. ಗಟ್ಟಿ ಕೈ ಅವರದು, ಬಿಡಿಸಿಕೊಳ್ಳಲು ನೋಡಿದರು.

"ಬುಡು ಕಣವ್ವ. ನನ್ ಮೊಮ್ಮಗಳ ಅರಿಸಿನಕ್ಕೆ ನಾನು ಬೊಂಬೆ ಅಂಗೆ ಕುಂತ್ಕಬೇಕಾ? ಒಳ್ಗಡೆ ಏನೋ ಅಡ್ಡ ನಿಂತದೆ, ಒಂದ್ಸಲ ಕೆದ್ಕುದ್ರೆ ಓಯ್ತದೆ."

ಇನ್ನೊಂದು ಕೆರೆತಕ್ಕೆ ತಮಟೆ ಹರಿದರೆ ಈ ಕಿವಿಯೂ ಎಡಗಿವಿಯ ಪಕ್ಕ ಹೋಗಿ ಕೂರುತ್ತದೆ. ಇದನ್ನು ಹೇಗೆ ಹೇಳುವುದು? ಅವರ ಎಡಗಿವಿಯನ್ನು ಮುಟ್ಟಿ ತೋರಿಸಿದೆ, ಪಿನ್ನನ್ನು ತೋರಿಸಿದೆ, ಆಮೇಲೆ ಬಲಗಿವಿಯನ್ನು ಮುಟ್ಟಿದೆ. ಕೈ ಅಲ್ಲಾಡಿಸಿ ಎಲ್ಲಾ ಮುಗಿಯಿತು ಎಂದು ಸನ್ನೆ ಮಾಡಿದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಪಿನ್ನು ಸಡಿಲವಾಯಿತು. ಅದನ್ನು ತೆಗೆದು ನನ್ನ ತುರುಬಿಗೆ ಸಿಕ್ಕಿಸಿಕೊಂಡೆ. ಅವರ ಕೂದಲನ್ನು ನಾನೇ ಹೆಣೆದು ದಾರ ಕಟ್ಟಿದೆ.

ಡಾಕ್ಟರಮ್ಮ ಹೇಳಿದಷ್ಟು ದಿನ ಹನಿ ಬಿಟ್ಟ ಮೇಲೂ ಗುಗ್ಗೆ ತಾನಾಗಿ ಬರಲಿಲ್ಲ. ತೊಳೆಯುವ ದಿನ ಬೆಳಿಗ್ಗೆ ನೀರು ಕುದಿಸಿ ಆರಿಸಿದೆ. ತಣ್ಣಗಿದ್ದರೂ ತಲೆ ಸುತ್ತುತ್ತದೆ, ಬಿಸಿಯಿದ್ದರೂ ಸುತ್ತುತ್ತದೆ. ನನ್ನ ಮೊಣಕೈಗೆ ಬಿಟ್ಟುಕೊಂಡು ನೋಡಿದೆ, ಬಾಣಂತನದಲ್ಲಿ ಮಗುವಿನ ನೀರು ನೋಡುವ ಹಾಗೆ. ಅತ್ತೆಯನ್ನು ಜಗುಲಿಯ ಬೆಳಕಿನಲ್ಲಿ ಕೂರಿಸಿ ಹೆಗಲಿಗೆ ಟವೆಲು ಹಾಕಿದೆ, ಕಿವಿಯ ಕೆಳಗೆ ಬೋಗುಣಿ ಹಿಡಿಯಲು ಯಜಮಾನರನ್ನು ನಿಲ್ಲಿಸಿದೆ. ಅವರು ಮುಖ ಆಚೆ ತಿರುಗಿಸಿ ಹಿಡಿದುಕೊಂಡರು. ಸೊಪ್ಪಿನ ಹರಾಜಿನಲ್ಲಿ ಜಗಳವಾಡುವ ಗಂಡಸು ತಾಯಿಯ ಕಿವಿಯ ಗುಗ್ಗೆಗೆ ಹೆದರಿದರು.

"ಮಸಣಿಕಮ್ಮ, ನನ್ ಕೈ ನೆಟ್ಟಗಿರಿಸವ್ವ" ಎಂದುಕೊಂಡು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ರಬ್ಬರ್ ಬುರುಡೆಯ ಮೂತಿಯನ್ನು ಕಿವಿಯ ಬಾಗಿಲಲ್ಲಷ್ಟೇ ಇಟ್ಟು, ನೀರನ್ನು ನೇರವಾಗಿ ತಮಟೆಗೆ ಹೊಡೆಯದೆ ಮೇಲಿನ ಗೋಡೆಯ ಕಡೆಗೆ ಮೆಲ್ಲಗೆ ಬಿಟ್ಟೆ. ಮೂತಿ ಕಿವಿಯನ್ನು ಪೂರ್ತಿ ಮುಚ್ಚಿದರೆ ನೀರು ವಾಪಸು ಬರಲು ದಾರಿಯಿರುವುದಿಲ್ಲ. ಮೊದಲು ಬರೀ ನೀರು ಬಂತು. ಇನ್ನೊಮ್ಮೆ ಬಿಟ್ಟೆ, ಚಹದ ಬಣ್ಣ ಬಂತು. ನೋವಾ ಎಂದು ಸನ್ನೆಯಲ್ಲಿ ಕೇಳಿದೆ, ಇಲ್ಲ ಎಂದರು. ಸ್ವಲ್ಪ ಬಿಟ್ಟು ಮತ್ತೆ. ಆಗ ಬೋಗುಣಿಗೆ ಏನೋ ಬಿತ್ತು. ಕಪ್ಪಗೆ, ಹುರುಳಿಕಾಳಿಗಿಂತ ದೊಡ್ಡದು. ಬೆನ್ನಿಗೇ ಅದರ ಅರ್ಧದಷ್ಟು ಇನ್ನೊಂದು. ಅದರಲ್ಲಿ ಹತ್ತಿಯ ಎಳೆಗಳು ಕಂದು ಬಣ್ಣಕ್ಕೆ ತಿರುಗಿ ಹೆಣೆದುಕೊಂಡಿದ್ದವು. ಯಾವ ಹಂಗಾಮಿನ ಹತ್ತಿಯೋ ದೇವರೇ ಬಲ್ಲ.

ನಾನು ಬುರುಡೆ ಕೆಳಗಿಟ್ಟೆ. ಅತ್ತೆಯ ತಲೆಯನ್ನು ಆ ಕಡೆಗೆ ಬಗ್ಗಿಸಿ ನೀರೆಲ್ಲ ಇಳಿಸಿ, ಹೊರಗಡೆ ಒರೆಸಿದೆ. ಅತ್ತೆ ತಲೆ ಎತ್ತಿದರು. ಅವರ ಕಣ್ಣು ಎಲ್ಲೋ ಇತ್ತು.

"ಅದ್ಯಾರ ಮನೇಲಿ ರುಬ್ತಾವ್ರೆ?" ಎಂದರು.

ಎದುರು ಮನೆಯ ಮಿಕ್ಸಿ. ಬಾಗಿಲು ಮುಚ್ಚಿತ್ತು.

"ಇಷ್ಟೇನಾ? ನಾನ್ ಮೊದ್ಲೇ ಅನ್ನಲಿಲ್ವಾ ಡಾಕ್ಟ್ರಿಗೆ ತೋರ್ಸು ಅಂತ" ಎಂದರು ನಮ್ಮ ಯಜಮಾನರು. ನಾನು ಬೋಗುಣಿಯನ್ನು ಅವರ ಕೈಯಿಂದ ಇಸಿದುಕೊಳ್ಳದೆ, "ತಿಪ್ಪೆಗೆ ಚೆಲ್ಬುಟ್ಟು ಬನ್ನಿ" ಎಂದೆ. ಹೋದರು.

ಕಿವಿ ತೆರೆದದ್ದನ್ನು ನಾನು ಯಾರಿಗೂ ಫೋನು ಮಾಡಿ ಹೇಳಲಿಲ್ಲ. ಅತ್ತೆಯೂ ಬೇಡ ಎಂದರು. ಸಂಕ್ರಾಂತಿಯ ಎಳ್ಳು ಬೀರಿದ ಮಾರನೆಯ ಸಂಜೆ ನಾದಿನಿಯೇ ಫೋನು ಮಾಡಿದಳು. ಎಸರಿಟ್ಟಿದ್ದೆ. ಸ್ಪೀಕರಿಗೆ ಹಾಕಿ ಅತ್ತೆಯ ಪಕ್ಕದಲ್ಲಿಟ್ಟೆ. ಅವಳು ಸೀರೆಯ ಬಣ್ಣ ಹೇಳಿದಳು, ಯಾವಾಗ ಬರಬೇಕೆಂದು ಹೇಳಿದಳು. ಆಮೇಲೆ ಅವಳ ಪಕ್ಕದಲ್ಲಿ ಯಾರೋ ಏನೋ ಕೇಳಿದರು. ಇವಳು ಫೋನನ್ನು ಸ್ವಲ್ಪ ದೂರ ಹಿಡಿದು ಅಂದಳು:

"ಅವ್ವನ್ನೇನು ಕೇಳೋದು, ಅದ್ಕೆ ಏನೂ ಕೇಳ್ಸಕ್ಕಿಲ್ಲ. ಮುಂದ್ಗಡೆ ಕುಂಡ್ರುಸುದ್ರೆ ಆಯ್ತು. ಬಾಕ್ಸ್ ಸೆಟ್ಟು ಜೋರಾಗ್ ಮಡ್ಗಿ, ಮಧ್ಯದಲ್ಲಿ ತಾನೇ ಸುರು ಮಾಡ್ಕಂಡ್ರೆ ದನಿ ಮುಚ್ಚೋಯ್ತದೆ."

ನಾನು ಫೋನಿಗೆ ಕೈ ಚಾಚಿದೆ. ಅತ್ತೆ ನನ್ನ ಕೈ ತಡೆದರು. ಸಿಟ್ಟಿನ ಮುಖವಲ್ಲ, ಹಾಡಲು ಕೂತಾಗಿನ ಮುಖ.

"ಕೇಳ್ತು ಕಣವ್ವ" ಎಂದರು.

ಆ ಕಡೆ ಬಳೆ ಸದ್ದಾಯಿತು.

"ಅವ್ವ, ಅದು ಅಂಗಲ್ಲ..."

"ಎಂಗಾರ ಇರ್ಲಿ ಬುಡು. ನಿನ್ ಪಕ್ದಲ್ಲಿ ಯಾರೋ ಬಳೆ ಆಡಿಸ್ತಾವ್ರೆ, ಅವ್ರೂ ಇರ್ಲಿ. ಈಗ ನಾ ಒಂದ್ ಸೊಲ್ಲು ಎತ್ತೀನಿ. ನೀವಿಬ್ರೂ ಇಂದೆ ಏಳಿ."

ಕೂತಲ್ಲೇ ಬೆನ್ನು ನೇರ ಮಾಡಿ ಅರಿಸಿನದ ಪದದ ಮೊದಲ ಸೊಲ್ಲು ಎತ್ತಿದರು. ದನಿ ಒಂದು ಕಡೆ ಸ್ವಲ್ಪ ಒಡೆಯಿತು, ತಾವೇ ಅದನ್ನು ಎತ್ತಿ ಕೂರಿಸಿದರು. ಮುಗಿಸಿ ಸುಮ್ಮನಾದರು. ಆ ಕಡೆಯಿಂದ ನಾದಿನಿ ಶುರು ಮಾಡಿದಳು, ಅರ್ಧಕ್ಕೆ ಮಾತು ಮರೆತಳು, ಹೂಂ ಹೂಂ ಎಂದು ರಾಗ ಎಳೆದಳು. ಪಕ್ಕದವಳು ಕಿಸಕ್ಕೆಂದಳು. ಅತ್ತೆ ಆ ರಾಗದ ಕೊನೆ ಇಳಿಯುವವರೆಗೂ ಕಾದರು. ಸರಿಯಾಗಿ ಅದೇ ಜಾಗದಲ್ಲಿ ಎರಡನೆಯ ಸೊಲ್ಲು ಹಿಡಿದರು.

ಆಮೇಲೆ ನಿಲ್ಲಿಸಿ ಹೇಳಿದರು, "ನಿಮ್ಗೆ ಒಂದೂ ಬರಕ್ಕಿಲ್ಲ. ನಾನೂ ನಿಮ್ಮತ್ಗೆನೂ ಮೂರ್ ದಿನ ಮುಂಚೆನೇ ಬತ್ತೀವಿ, ನಿಮ್ ಬೀದಿ ಎಂಗಸ್ರನ್ನೆಲ್ಲಾ ಸಂಜೆ ಕೂಡಾಕು. ಆ ಡಬ್ಬ ಊಟದೊತ್ತಿಗೆ ಆಕ್ಸು, ಆಗ ಯಾರೂ ಕೇಳಕ್ಕಿಲ್ಲ."

"ಆಯ್ತವ್ವ" ಎಂದಳು ನಾದಿನಿ. ಆಮೇಲೆ, "ನಾ ಕಳ್ಸಿದ ಎಣ್ಣೆ ಕೆಲ್ಸ ಮಾಡ್ತು ಅನ್ನು" ಎಂದಳು.

ಅತ್ತೆ ನನ್ನ ಕಡೆ ನೋಡಿದರು. ನಾವು ಹುಣಸೂರಿನಿಂದ ವಾಪಸು ಬಂದ ದಿನದಿಂದ ಆ ಬಾಟಲಿಯ ಎಣ್ಣೆ ಹಿತ್ತಲ ಬಾಗಿಲ ಕೀಲುಗಳಿಗೆ ಬೀಳುತ್ತಿತ್ತು. ಬಾಗಿಲು ಈಗ ಕಿರುಗುಟ್ಟುತ್ತಿರಲಿಲ್ಲ.

"ಮಾಡ್ತು ಕಣವ್ವ, ಚೆನ್ನಾಗ್ ಮಾಡ್ತು" ಎಂದು ನಾನೇ ಹೇಳಿದೆ. ಅಷ್ಟು ಪುಣ್ಯ ಅವಳಿಗೂ ಸಿಗಲಿ. ಫೋನು ಇಟ್ಟ ಮೇಲೂ ಅತ್ತೆ ಮೂರನೆಯ ಸೊಲ್ಲನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಎಸರು ಕುದಿದು ಉಕ್ಕುತ್ತಿತ್ತು. ರಾಗಿ ಹಿಟ್ಟಿನ ಡಬ್ಬ ಇಳಿಸಿ, ಹಿಟ್ಟು ಸುರಿದು, ಮುದ್ದೆ ಕೂಡಿಸಲು ಕೋಲು ತೆಗೆದುಕೊಂಡೆ.